ಪರದೆ ಎಲ್ಲಿ ಕಟ್ಟೋಣ?

ಹಳ್ಳಿಯಲ್ಲಿ ಸಾಕ್ಷ್ಯಚಿತ್ರ ತೋರಿಸಬೇಕೆಂದು ಹೊರಟವರು ಮೊದಲು ತಲೆಕೆಡಿಸಿಕೊಳ್ಳುವುದು ಯಾವ ಚಿತ್ರ, ಪ್ರೊಜೆಕ್ಟರ್ ಯಾರ ಹತ್ತಿರ ಸಿಗುತ್ತದೆ, ಕರೆಂಟು ಹೋದರೆ ಏನು ಮಾಡುವುದು ಎಂಬುದರ ಬಗ್ಗೆ. ಪರದೆಯನ್ನು ಎಲ್ಲಿ ಕಟ್ಟಬೇಕೆಂಬ ಮಾತು ಕೊನೆಗೆ ಬರುತ್ತದೆ. ಆಗ ಯಾರೋ ಒಬ್ಬರು, ದೇವಸ್ಥಾನದ ಮುಂದೆ ಚಪ್ಪಡಿ ಹಾಸಿದ್ದಾರೆ, ಜನ ಆರಾಮಾಗಿ ಕೂತ್ಕೋಬಹುದು ಎನ್ನುತ್ತಾರೆ. ಎಲ್ಲರೂ ಒಪ್ಪುತ್ತಾರೆ. ಆ ಸಂಜೆಯ ಚರ್ಚೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ಅಲ್ಲಿಗೇ ತೀರ್ಮಾನವಾಗಿರುತ್ತದೆ.

ಹಾಸನ ಜಿಲ್ಲೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ಸ್ತ್ರೀಶಕ್ತಿ ಸಂಘದ ದಲಿತ ಹೆಣ್ಣುಮಕ್ಕಳು ಊರಿನ ಬಸವೇಶ್ವರ ದೇವಸ್ಥಾನದೊಳಗೆ ಹೋಗಿದ್ದಕ್ಕೆ ದಂಡ ಹಾಕಿದ ಸುದ್ದಿ ರಾಜ್ಯವೆಲ್ಲ ಹರಡಿತು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ದೇವಸ್ಥಾನದ ಹೊಸ್ತಿಲು ದಾಟಿದ್ದು 2021ರಲ್ಲಿ, ಅದೂ ಅಧಿಕಾರಿಗಳ ಸಮ್ಮುಖದಲ್ಲಿ. ಒಂದು ಬಾಗಿಲು ದಾಟಲು ಸರ್ಕಾರ ಜೊತೆಗೆ ಬರಬೇಕಾದ ಕಡೆ, ಅದೇ ಬಾಗಿಲಿನ ಮುಂದೆ ಪರದೆ ಕಟ್ಟಿ 'ಊರಿನವರೆಲ್ಲ ಬನ್ನಿ' ಎಂದರೆ ಯಾರು ಬರುತ್ತಾರೆ? ಕಾಲೊನಿಯವರು ಬಂದರೂ ದೂರದಲ್ಲಿ, ಹೊಂಗೆಮರದ ಕೆಳಗೆ ನಿಂತು ನೋಡಿ ಹೋಗುತ್ತಾರೆ. ನಿಂತು ನೋಡಿದವರು ಮಾತಾಡುವುದಿಲ್ಲ. ಪರದೆಯನ್ನು ಕಾಲೊನಿಯಲ್ಲೇ ಕಟ್ಟಿದರೆ ಊರೊಳಗಿನವರು ಬರುವುದಿಲ್ಲ. ಉಳಿಯುವುದು ಸರ್ಕಾರಿ ಶಾಲೆಯ ಅಂಗಳ ಅಥವಾ ಹಾಲಿನ ಡೇರಿಯ ಮುಂದಿನ ಜಾಗ. ಬೆಳಿಗ್ಗೆ ಸಂಜೆ ಎಲ್ಲ ಜಾತಿಯವರ ಕ್ಯಾನುಗಳೂ ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಅದು. ಹಾಲು ಬೆರೆಯುತ್ತದೆ, ಫ್ಯಾಟು ನೋಡಿ ದುಡ್ಡು ಕೊಡುತ್ತಾರೆ. ಪರದೆ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ನಾನು ವಾದಿಸುವುದು ಇಷ್ಟು: ಸಮುದಾಯದ ನಡುವೆ ಸಾಕ್ಷ್ಯಚಿತ್ರ ತೋರಿಸುವಾಗ ಚಿತ್ರ ಒಂದು ನೆಪ, ಆಮೇಲಿನ ಮಾತೇ ನಿಜವಾದ ಕಾರ್ಯಕ್ರಮ. ಯಾರು ಎಲ್ಲಿ ಕೂರುತ್ತಾರೆ, ಯಾರು ಮೊದಲು ಬಾಯಿ ಬಿಡುತ್ತಾರೆ, ಆಡಿದ ಮಾತು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಚಿತ್ರದ ಆಯ್ಕೆಗಿಂತ ಹೆಚ್ಚಿನ ಶ್ರದ್ಧೆಯಿಂದ ನೋಡಿಕೊಳ್ಳಬೇಕು. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ.

ಮಾತಿಲ್ಲದ ಪ್ರದರ್ಶನಕ್ಕೆ ಈ ದೇಶದಲ್ಲಿ ದೊಡ್ಡ ಇತಿಹಾಸವೇ ಇದೆ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್‌ನ ರೀಲುಗಳನ್ನು ದಶಕಗಳ ಕಾಲ ಪ್ರತಿ ಚಿತ್ರಮಂದಿರವೂ ಮುಖ್ಯ ಚಿತ್ರಕ್ಕೆ ಮುಂಚೆ ತೋರಿಸಲೇಬೇಕಿತ್ತು. ಹಳ್ಳಿಗಳಿಗೆ ವಾರ್ತಾ ಇಲಾಖೆಯ ವ್ಯಾನು ಬರುತ್ತಿತ್ತು. ಕುಟುಂಬ ಯೋಜನೆ, ಮಲೇರಿಯಾ, ಹೊಸ ತಳಿಯ ಬೀಜ. ಆ ಚಿತ್ರಗಳಲ್ಲಿ ಒಳ್ಳೆಯವೂ ಇದ್ದವು, ಅವುಗಳಿಂದ ಜನ ಕಲಿತದ್ದೂ ಉಂಟು. ಆದರೆ ರೀಲು ಮುಗಿದ ಕೂಡಲೇ ವ್ಯಾನು ಹೊರಟುಬಿಡುತ್ತಿತ್ತು. ಸರ್ಕಾರ ಹೇಳಿತು, ಜನ ಕೇಳಿಸಿಕೊಂಡರು. ತಿರುಗಿ ಹೇಳುವುದಕ್ಕೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಬೇರೆ ದಾರಿಯೊಂದಿದೆ ಎಂದು ಕನ್ನಡಿಗರಿಗೆ ತೋರಿಸಿದ್ದು ಹೆಗ್ಗೋಡು. ಅಲ್ಲಿ 1949ರಲ್ಲಿ ಶುರುವಾದ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಅಡಿಕೆ ತೋಟದ ಊರಿನ ಜನ ಕುರೊಸಾವಾ, ಸತ್ಯಜಿತ್ ರಾಯ್ ಚಿತ್ರಗಳನ್ನು ನೋಡಿ ಅವುಗಳ ಬಗ್ಗೆ ಕನ್ನಡದಲ್ಲಿ ವಾದ ಮಾಡಿದರು. ಅವು ಸಾಕ್ಷ್ಯಚಿತ್ರಗಳಾಗಿರಲಿಲ್ಲ ನಿಜ. ಆದರೆ 'ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುವುದಿಲ್ಲ' ಎಂಬ ಪಟ್ಟಣದವರ ಮಾತು ಅಲ್ಲಿಗೇ ಸತ್ತುಹೋಯಿತು. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಜನರನ್ನು ನಂಬಿದರು. ಆ ನಂಬಿಕೆಯ ಜೊತೆಗೆ ವರ್ಷಗಟ್ಟಲೆ ಬಿಡದೆ ಕೆಲಸವನ್ನೂ ಮಾಡಿದರು. ಎರಡನೆಯದನ್ನು ನಾವು ಮರೆಯುತ್ತೇವೆ. ಅಂಬೇಡ್ಕರ್ ಜಯಂತಿಗೆ ಒಂದು ಚಿತ್ರ, ಮಹಿಳಾ ದಿನಕ್ಕೆ ಒಂದು ಚಿತ್ರ ತೋರಿಸಿ ಫೋಟೋ ತೆಗೆಸಿಕೊಂಡು ಬರುವುದರಿಂದ ಊರಿಗೆ ಮಾತಾಡುವ ರೂಢಿ ಬೀಳುವುದಿಲ್ಲ.

ದುಡ್ಡಿನ ವಿಷಯ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ಒಡೆಸ್ಸಾ ಬಳಗ ಜನರಿಂದ ಚಿಲ್ಲರೆ ಕಾಸು ಕೂಡಿಸಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿ ಊರೂರಿಗೆ ಒಯ್ದಿತು. 2006ರಲ್ಲಿ ಗೋರಖಪುರದಲ್ಲಿ ಶುರುವಾದ 'ಪ್ರತಿರೋಧ್ ಕಾ ಸಿನೆಮಾ' ಚಿತ್ರೋತ್ಸವಗಳು ಪ್ರಾಯೋಜಕರನ್ನು ದೂರವಿಟ್ಟು ಜನರ ವಂತಿಗೆಯಲ್ಲೇ ನಡೆದವು. ನಮ್ಮಲ್ಲೂ ಹಾಗೇ ಆಗಬೇಕು. ಪರದೆಯ ಮೇಲುಗಡೆ ಯಾರ ಬ್ಯಾನರ್ ಇರುತ್ತದೋ ಅವರಿಗೆ ಮುಜುಗರವಾಗುವ ಪ್ರಶ್ನೆಯನ್ನು ಆ ಸಂಜೆ ಯಾರೂ ಕೇಳುವುದಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಯಾವ ಚಿತ್ರ ಬೇಕಾದರೂ ಯೂಟ್ಯೂಬಿನಲ್ಲಿ ಸಿಗುತ್ತದೆ, ಇನ್ನೂ ಈ ಪರದೆ, ಸ್ಪೀಕರ್, ಗೋಣಿಚೀಲ ಹಾಸಿ ಕೂರುವುದು ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಹಾಸನದವರಷ್ಟು ಕಹಿಯಾದ ಉತ್ತರ ಇನ್ಯಾರ ಬಳಿಯೂ ಇರಲಾರದು. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಈ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ದೃಶ್ಯಗಳು, ಮುಖವನ್ನೂ ಮರೆಮಾಡದೆ, ಮೊಬೈಲಿನಿಂದ ಮೊಬೈಲಿಗೆ ದಾಟಿದವು. ಮುಂದೆ ವಿಶೇಷ ತನಿಖಾ ತಂಡ ಬಂತು, ಮೇ 30ರಂದು ರಾಜ್ಯದ ಮೂಲೆಮೂಲೆಯಿಂದ ಬಂದವರು ಹಾಸನದ ಬೀದಿಯಲ್ಲಿ ನಡೆದರು, 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯೂ ಆಯಿತು. ಕಾನೂನು ತನ್ನ ಕೆಲಸ ಮಾಡಿದೆ. ಆದರೆ ಆ ದೃಶ್ಯಗಳನ್ನು ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು ನೋಡಿದ ಗಂಡಸರು ಮರುದಿನ ಟೀ ಅಂಗಡಿಯಲ್ಲಿ ಮಾತಾಡಿದ್ದು ಯಾರಿಗೆ ಎಷ್ಟು ಓಟು ಕಡಿಮೆಯಾಗುತ್ತದೆ ಎಂಬುದನ್ನು. ಆ ಹೆಣ್ಣುಮಕ್ಕಳು ನಾಳೆ ಸಂತೆಗೆ ಹೇಗೆ ಹೋಗುತ್ತಾರೆ ಎಂದು ಊರು ಕೂತು ಯೋಚಿಸಲಿಲ್ಲ.

ಒಂಟಿಯಾಗಿ ನೋಡುವುದಕ್ಕೂ ಒಟ್ಟಿಗೆ ನೋಡುವುದಕ್ಕೂ ಇರುವ ಅಂತರ ಇದು. ಒಂಟಿಯಾಗಿ ನೋಡುವವನಿಗೆ ನಾಚಿಕೆಯಾಗಬೇಕಾದ ಪ್ರಮೇಯವೇ ಇಲ್ಲ. ಪಕ್ಕದಲ್ಲಿ ಅಕ್ಕ, ಹಿಂದೆ ಮಾಸ್ತರು, ಎದುರಿಗೆ ತನ್ನದೇ ಮಗಳು ಕೂತಿರುವಾಗ ನೋಡುವ ಕಣ್ಣೇ ಬೇರೆಯಾಗುತ್ತದೆ. ಮೊಬೈಲು ನಾವು ಒಪ್ಪುವುದನ್ನೇ ಮತ್ತೆ ಮತ್ತೆ ಕೊಡುತ್ತದೆ. ಅಂಗಳದಲ್ಲಿ ನಾವು ಒಪ್ಪದವರೂ ಅದೇ ಚಿತ್ರವನ್ನು ನೋಡುತ್ತಿರುತ್ತಾರೆ, ಅವರ ನಿಟ್ಟುಸಿರು ನಮ್ಮ ಕಿವಿಗೆ ಬೀಳುತ್ತದೆ. ಹೆಣ್ಣಿನ ಮೇಲಿನ ದೌರ್ಜನ್ಯದ ಬಗ್ಗೆ ಹಾಸನದ ಹಳ್ಳಿಗಳಲ್ಲಿ ಹೆಂಗಸರು ಗಂಡಸರು ಒಟ್ಟಿಗೆ ಕೂತು ನೋಡಿ ಮಾತಾಡುವುದು ಇವತ್ತಿಗೂ ಬಾಕಿ ಇರುವ ಕೆಲಸ. ಅದಕ್ಕೆ ಆ ಪ್ರಕರಣದ ಒಂದೇ ಒಂದು ದೃಶ್ಯವೂ ಬೇಕಾಗಿಲ್ಲ, ಬರಲೂಬಾರದು.

ಹಾಗಾದರೆ ಯಾವ ಚಿತ್ರ? ಹತ್ತಿರದ್ದೋ, ದೂರದ್ದೋ? ಕರ್ನಾಟಕದಲ್ಲೇ ನಡೆದ ಒಂದು ಪ್ರಯೋಗ ಇಲ್ಲಿ ಕಣ್ಣು ತೆರೆಸುತ್ತದೆ. 2006ರ ಸುಮಾರಿಗೆ ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ 'ಡಿಜಿಟಲ್ ಗ್ರೀನ್' ಎಂಬ ಯೋಜನೆ ಶುರುವಾಯಿತು. ರೈತರೇ ತಮ್ಮ ಕೃಷಿ ಪದ್ಧತಿಯನ್ನು ವಿಡಿಯೋದಲ್ಲಿ ವಿವರಿಸುವುದು, ಅದನ್ನು ಅಕ್ಕಪಕ್ಕದ ಊರಿನ ಚಿಕ್ಕ ಗುಂಪುಗಳಿಗೆ ತೋರಿಸುವುದು, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಲು ಊರಿನವರೇ ಒಬ್ಬರು ಇರುವುದು. ಚಿತ್ರ ನೋಡಿದ ರೈತರು ಮೊದಲು ಕೇಳುತ್ತಿದ್ದುದು ಗೊಬ್ಬರದ ಬಗ್ಗೆ ಅಲ್ಲವಂತೆ. 'ಅವರ ಹೆಸರೇನು, ಯಾವೂರು?' ಎಂದು ಕೇಳುತ್ತಿದ್ದರು. ಮಾತಿನ ಧಾಟಿ, ಉಟ್ಟ ಬಟ್ಟೆ ನೋಡಿ ಇವನು ಉಳುವವನೋ ಅಲ್ಲವೋ ಎಂದು ಅಳೆಯುತ್ತಿದ್ದರು. ನಂಬಿಕೆ ಹುಟ್ಟುವುದು ಹತ್ತಿರದಿಂದ.

ಕೃಷಿಯ ಮಟ್ಟಿಗೆ ಇದು ಸರಿ. ಹಾಸನದ ಆಲೂಗಡ್ಡೆ ಬೆಳೆಗಾರನಿಗೆ ಅಂಗಮಾರಿ ರೋಗದ ಬಗ್ಗೆ, ಪ್ರತಿವರ್ಷ ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗಡ್ಡೆಯ ಬಗ್ಗೆ ಅರಕಲಗೂಡಿನ ರೈತನೇ ಹೇಳಿದರೆ ಅದಕ್ಕಿಂತ ಒಳ್ಳೆಯ ಚಿತ್ರ ಬೇಕಿಲ್ಲ. ಜಾತಿಯ ವಿಷಯಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ. ಪಕ್ಕದ ಊರಿನ ದೇವಸ್ಥಾನದ ಗಲಾಟೆಯ ಚಿತ್ರ ತೋರಿಸಿದರೆ ಜನ ಚಿತ್ರವನ್ನು ನೋಡುವುದಿಲ್ಲ. ಅದರಲ್ಲಿ ಯಾರ ನೆಂಟ ಇದ್ದಾನೆ, ಯಾರು ಕೇಸು ಹಾಕಿದರು ಎಂದು ಹುಡುಕುತ್ತಾರೆ. ಅಲ್ಲಿ ದೂರದ ಚಿತ್ರವೇ ಒಳ್ಳೆಯದು. ಸ್ಟಾಲಿನ್ ಕೆ. ಅವರ 'ಇಂಡಿಯಾ ಅನ್‌ಟಚ್ಡ್' 2007ರದು. ಹಲವು ರಾಜ್ಯಗಳಲ್ಲಿ ತಿರುಗಿ, ಹಿಂದೂಗಳಲ್ಲಷ್ಟೇ ಅಲ್ಲ, ಸಿಖ್, ಕ್ರೈಸ್ತ, ಮುಸ್ಲಿಮರ ನಡುವೆಯೂ ಅಸ್ಪೃಶ್ಯತೆ ಹೇಗೆ ಉಳಿದುಕೊಂಡಿದೆ ಎಂದು ತೋರಿಸುತ್ತದೆ. ಇಂಥ ಚಿತ್ರ ಮುಗಿದಾಗ ಮೊದಲು ಬರುವ ಮಾತು ಸಾಮಾನ್ಯವಾಗಿ ಒಂದೇ: 'ಅದೆಲ್ಲ ಆ ಕಡೆ, ನಮ್ಮಲ್ಲಿ ಹಂಗೇನಿಲ್ಲ.' ನಡೆಸಿಕೊಡುವವರು ಅಲ್ಲಿ ದುಡುಕಬಾರದು, ತಿದ್ದಬಾರದು. ಸುಮ್ಮನೆ ಕಾಯಬೇಕು. ಆ ಮಾತು ಅಂಗಳದಲ್ಲಿ ಒಂದೆರಡು ನಿಮಿಷ ಬಿದ್ದಿರಲಿ. ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು ಹೋಟೆಲಿನ ಬೇರೆ ಲೋಟದ ವಿಷಯವನ್ನೋ, ಮದುವೆ ಊಟದಲ್ಲಿ ಕೊನೆಯ ಪಂಕ್ತಿಗೆ ಕಾಯಿಸಿದ್ದನ್ನೋ ತೆಗೆಯುತ್ತಾರೆ. ತೆಗೆಯದೇ ಇದ್ದರೆ, ಆ ಸುಮ್ಮನಿರುವಿಕೆಯನ್ನೂ ಊರು ಕೇಳಿಸಿಕೊಂಡಿರುತ್ತದೆ. ದೂರದ ಚಿತ್ರವು ಹೆಸರು ಹೇಳದೆಯೇ ತಮ್ಮೂರಿನ ವಿಷಯ ಆಡಲು ಬಾಯಿ ಕೊಡುತ್ತದೆ.

ಚಿತ್ರದ ಅರ್ಥವೂ ಊರಿನಿಂದ ಊರಿಗೆ ಬೇರೆಯಾಗುತ್ತದೆ. 2023ರಲ್ಲಿ ಆಸ್ಕರ್ ಗೆದ್ದ 'ದಿ ಎಲಿಫೆಂಟ್ ವಿಸ್ಪರರ್ಸ್' ಮುದುಮಲೆಯಲ್ಲಿ ಆನೆಮರಿಗಳನ್ನು ಸಾಕಿದ ದಂಪತಿಯ ಕಥೆ. ಬೆಂಗಳೂರಿನಲ್ಲಿ ನೋಡಿದವರು ಕಣ್ಣೊರೆಸಿಕೊಂಡು ಎದ್ದರು. ಅದನ್ನೇ ಸಕಲೇಶಪುರದಲ್ಲಿ, ಆಲೂರಿನಲ್ಲಿ ತೋರಿಸಿದರೆ? 2014ರಲ್ಲಿ ಆಲೂರು ಭಾಗದಿಂದ ಒಂದು ಹಿಂಡು ಆನೆಗಳನ್ನೇ ಹಿಡಿದು ಸಾಗಿಸಿದ ಸೀಮೆ ಅದು. 2023ರ ಡಿಸೆಂಬರ್‌ನಲ್ಲಿ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಯಸಳೂರಿನ ಕಾಡಿನಲ್ಲಿ ಕಾಡಾನೆ ಕಾರ್ಯಾಚರಣೆಯ ವೇಳೆ ಸತ್ತಾಗ ಇಡೀ ನಾಡು ಕಂಬನಿ ಮಿಡಿಯಿತು. ಬೆಳಗಿನ ಮಂಜಿನಲ್ಲಿ ಕಾಫಿ ತೋಟಕ್ಕೆ ನಡೆದು ಹೋಗುವಾಗ ಆನೆಗೆ ಸಿಕ್ಕಿ ಸತ್ತ ಕೂಲಿಯವರ ಮನೆಯವರಿಗೂ ಅರ್ಜುನನ ಬಗ್ಗೆ ದುಃಖವಿದೆ. ಅವರಿಗೆ ಬೇರೆ ಪ್ರಶ್ನೆಗಳೂ ಇವೆ. ತೋಟದ ಮಾಲೀಕರು, ಕೂಲಿಯವರು, ಅರಣ್ಯ ಇಲಾಖೆಯ ವಾಚರುಗಳು ಒಂದೇ ಅಂಗಳದಲ್ಲಿ ಕೂತು ಆ ಚಿತ್ರ ನೋಡಿದರೆ ಹುಟ್ಟುವ ಮಾತು ಚಿತ್ರ ಮಾಡಿದವರಿಗೂ ಹೊಸದಾಗಿರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ನೀವು ಬರುತ್ತೀರಿ, ಚಿತ್ರ ತೋರಿಸುತ್ತೀರಿ, ಊರಿನಲ್ಲಿ ಬೆಂಕಿ ಹಚ್ಚುತ್ತೀರಿ, ರಾತ್ರಿಯೇ ಕಾರು ಹತ್ತುತ್ತೀರಿ. ನಾಳೆ ಬೆಳಿಗ್ಗೆ ಬಾಯಿ ಬಿಟ್ಟವರಿಗೆ ಕೂಲಿ ಕೊಡುವವರು ಯಾರು? ಇದನ್ನು ಯಥಾಸ್ಥಿತಿಯ ಪರವಾದ ಕುತಂತ್ರ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಬಹಿಷ್ಕಾರ ಎಂಬುದು ನಮ್ಮ ಕಡೆ ಹಳೆಯ ಕಾಲದ ಸಂಗತಿಯಾಗಿಲ್ಲ. ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ, ಹೊಲಕ್ಕೆ ಕೆಲಸಕ್ಕೆ ಕರೆಯುವುದಿಲ್ಲ. ಮಾತಿನ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ. ಇಲ್ಲದವರೇ ಹೆಚ್ಚು ತೆರುತ್ತಾರೆ. ಆದ್ದರಿಂದ ಊರಿನೊಳಗೆ ವರ್ಷವಿಡೀ ಇರುವ ಒಂದು ಗುಂಪು, ಅದು ಸ್ತ್ರೀಶಕ್ತಿ ಸಂಘವೋ, ಗ್ರಂಥಾಲಯದ ಹುಡುಗರೋ, ಶಾಲೆಯ ಹಳೆ ವಿದ್ಯಾರ್ಥಿಗಳೋ, 'ನಾವು ನಡೆಸುತ್ತೇವೆ, ಆಮೇಲೂ ಇರುತ್ತೇವೆ' ಎನ್ನುವವರೆಗೆ ಹೊರಗಿನವರು ಪರದೆ ಹೊತ್ತುಕೊಂಡು ಹೋಗಬಾರದು. ಹಾಗೆಂದು ಸುಮ್ಮನಿದ್ದುಬಿಟ್ಟರೆ ಊರು ಶಾಂತವಾಗಿರುತ್ತದೆ ಎಂಬುದನ್ನೂ ನಾನು ಒಪ್ಪುವುದಿಲ್ಲ. ಸಿಗರನಹಳ್ಳಿಯ ಹೆಣ್ಣುಮಕ್ಕಳಿಗೆ ದಂಡ ಬೀಳುವುದಕ್ಕೆ ಯಾವ ಚಿತ್ರವೂ ಬೇಕಾಗಿರಲಿಲ್ಲ.

ಸರ್ಕಾರದ ಕಡೆಯ ಅಡ್ಡಿಯನ್ನೂ ಹೇಳಬೇಕು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸಾಕ್ಷ್ಯಚಿತ್ರಕ್ಕೂ ಪ್ರಮಾಣಪತ್ರ ಬೇಕು. ಕೆ.ಎ. ಅಬ್ಬಾಸ್ ತಮ್ಮ ಕಿರು ಸಾಕ್ಷ್ಯಚಿತ್ರಕ್ಕಾಗಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ಕೋರ್ಟು ಮುಂಚಿತ ಸೆನ್ಸಾರನ್ನೇ ಎತ್ತಿಹಿಡಿಯಿತು. ತಮಿಳುನಾಡಿನಲ್ಲಿ ಮಲ ಹೊರುವವರ ಬದುಕಿನ ಮೇಲೆ ದಿವ್ಯಾ ಭಾರತಿ ಮಾಡಿದ 'ಕಕ್ಕೂಸ್' ಚಿತ್ರದ ಪ್ರದರ್ಶನಗಳನ್ನು 2017ರಲ್ಲಿ ಪೊಲೀಸರು ತಡೆದರು, ಚಿತ್ರ ಯೂಟ್ಯೂಬಿಗೆ ಹೋಯಿತು. ನಮ್ಮಲ್ಲೇ, ಕೇಸರಿ ಹರವೂ ಅವರು ದೆಹಲಿ ಗಡಿಯ ರೈತ ಹೋರಾಟದ ಮೇಲೆ ಮಾಡಿದ 'ಕಿಸಾನ್ ಸತ್ಯಾಗ್ರಹ'ಕ್ಕೆ 2024ರ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕೇಂದ್ರದ ಅನುಮತಿ ಸಿಗಲಿಲ್ಲ. ಹಾಲಿಗೆ, ಆಲೂಗಡ್ಡೆಗೆ ಬೆಲೆ ಕೇಳುವ ಹಾಸನದ ರೈತರಿಗೆ ಆ ಚಿತ್ರ ನೋಡುವ ಹಕ್ಕಿದೆ ಎಂದು ನಾನು ನಂಬುತ್ತೇನೆ. ನೋಡಿದ ಮೇಲೆ ಅದನ್ನು ಒಪ್ಪದಿರುವ ಹಕ್ಕೂ ಅವರದೇ.

ಇನ್ನು ನಡೆಸುವ ಬಗೆ. ಇಲ್ಲೇ ಹೆಚ್ಚಿನ ಪ್ರದರ್ಶನಗಳು ಸೋಲುವುದು. ಸಂಜೆ ಆರಕ್ಕೆಂದರೆ ಹಾಲು ಕರೆದು ಡೇರಿಗೆ ಹಾಕುವ ಹೊತ್ತು, ಏಳೂವರೆಗೆಂದರೆ ಮುದ್ದೆಗೆ ಎಸರಿಡುವ ಹೊತ್ತು. ಎರಡೂ ಹೊತ್ತಿನಲ್ಲಿ ಬರಲಾರದವರು ಹೆಂಗಸರೇ. ಗಂಡಸರು ಮಾತ್ರ ನೋಡಿ ಹೋದ ಚಿತ್ರದ ಮೇಲೆ 'ಊರು ಚರ್ಚಿಸಿತು' ಎಂದು ವರದಿ ಬರೆಯುವುದು ಸುಳ್ಳು. ಸಂಘದ ವಾರದ ಕಂತು ಕಟ್ಟುವ ದಿನ ಮಧ್ಯಾಹ್ನ ಹೆಂಗಸರಿಗೆ ಮೊದಲು ತೋರಿಸಿ, ಅವರ ಮಾತು ಹದವಾದ ಮೇಲೆ ರಾತ್ರಿ ಎಲ್ಲರಿಗೂ ತೋರಿಸಬಹುದು. ಮಧ್ಯಾಹ್ನ ಒಮ್ಮೆ ಬಾಯಿಬಿಟ್ಟವರಿಗೆ ರಾತ್ರಿ ಮತ್ತೆ ಮಾತಾಡುವುದು ಅಷ್ಟು ಕಷ್ಟವಾಗುವುದಿಲ್ಲ.

ಭಾಷೆ ಇನ್ನೂ ದೊಡ್ಡ ತೊಡಕು. ಒಳ್ಳೆಯ ಸಾಕ್ಷ್ಯಚಿತ್ರಗಳು ಹಿಂದಿ, ತಮಿಳು, ಮರಾಠಿಯಲ್ಲಿರುತ್ತವೆ, ಕೆಳಗೆ ಇಂಗ್ಲಿಷ್ ಸಾಲು ಓಡುತ್ತದೆ. ಓದಿದ ನಾಲ್ಕು ಜನ ಓದಿಕೊಳ್ಳುತ್ತಾರೆ, ಉಳಿದವರು ಬಣ್ಣ ನೋಡುತ್ತಾರೆ. ಊರಿನದೇ ಒಬ್ಬ ಹುಡುಗಿಯೋ ಹುಡುಗನೋ ಚಿತ್ರವನ್ನು ಮೊದಲೇ ಎರಡು ಮೂರು ಸಲ ನೋಡಿ, ಮೈಕು ಹಿಡಿದು ತಮ್ಮ ಮಾತಿನಲ್ಲೇ ಹೇಳುತ್ತಾ ಹೋಗಲಿ. ಮೂಲ ಧ್ವನಿ ಸಣ್ಣಗೆ ಕೇಳುತ್ತಿರಲಿ. ಹರಿಕಥೆ, ಯಕ್ಷಗಾನ ಕೇಳಿ ಬೆಳೆದ ಜನಕ್ಕೆ ಇದು ಹೊಸತೇನಲ್ಲ. ನಿರ್ದೇಶಕರ ಅನುಮತಿ ಕೇಳಿದರೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಚಿತ್ರ ಅರ್ಧ ಗಂಟೆಗಿಂತ ಉದ್ದವಿದ್ದರೆ ನಡುವೆ ನಿಲ್ಲಿಸಬಹುದು. ಕಲಾಕೃತಿಗೆ ಅವಮಾನ ಎಂದು ಕೆಲವರು ಮುನಿಸಿಕೊಂಡಾರು, ಮುನಿಸಿಕೊಳ್ಳಲಿ.

ವೇದಿಕೆ ಬೇಡ. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಯಾವುದೂ ಬೇಡ. ಗಣ್ಯರು ಎಂದು ಕರೆಸಿಕೊಂಡವರು ಕುರ್ಚಿಯಲ್ಲಿ ಕೂತ ಕೂಡಲೇ ಚಾಪೆಯ ಮೇಲೆ ಕೂತವರು ಪ್ರೇಕ್ಷಕರಾಗಿಬಿಡುತ್ತಾರೆ. ಪಂಚಾಯ್ತಿ ಅಧ್ಯಕ್ಷರೂ ಚಾಪೆಯ ಮೇಲೇ ಕೂರಲಿ. ಮೊದಲ ಸರದಿ ಹಿಂದೆ ಕೂತವರದು, ಆಮೇಲೆ ಮುಂದಿನವರದು ಎಂಬ ಒಂದೇ ನಿಯಮ ಸಾಕು. ಚಿತ್ರ ಏನು ಹೇಳುತ್ತದೆ ಎಂದು ನಡೆಸಿಕೊಡುವವರು ವಿವರಿಸಲು ಹೊರಟರೆ ಅದು ವಾರ್ತಾ ಇಲಾಖೆಯ ವ್ಯಾನೇ ಆಯಿತು.

ಹಾಸನದ ಅಂಚಿನಲ್ಲಿರುವ ಬೂವನಹಳ್ಳಿಯ ಬಗ್ಗೆ ಈ ಎಲ್ಲ ಕಾರಣಕ್ಕೆ ನನಗೆ ಕಾಳಜಿ. ದಶಕಗಳ ಕಾಲ ಮಾತಿನಲ್ಲೇ ಉಳಿದಿದ್ದ ಹಾಸನದ ವಿಮಾನ ನಿಲ್ದಾಣ ಬರುತ್ತಿರುವುದು ಇಲ್ಲಿ. ವಿಮಾನ ನಿಲ್ದಾಣ ಬೇಕೋ ಬೇಡವೋ ಎಂಬುದಕ್ಕೆ ಜಿಲ್ಲೆಯಲ್ಲಿ ಎರಡೂ ಕಡೆ ವಾದಗಳಿವೆ, ಅದನ್ನು ಇಲ್ಲಿ ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. ನಿಲ್ದಾಣಕ್ಕೆ ಭೂಮಿ ಕೊಟ್ಟಿರುವ ಈ ಜಿಲ್ಲೆ ಹಿಂದೆಯೂ ಒಮ್ಮೆ ಭೂಮಿ ಕೊಟ್ಟಿದೆ. 1979ರಲ್ಲಿ ಪೂರ್ತಿಯಾದ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ನೀರಿನಿಂದ ಮೇಲೇಳುವ ಶೆಟ್ಟಿಹಳ್ಳಿ ಚರ್ಚಿನ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ, ಮದುವೆಗೆ ಮುಂಚಿನ ವಿಡಿಯೋಗಳೂ ಅಲ್ಲೇ ಆಗುತ್ತವೆ. ಆ ಚರ್ಚಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದವರು, ಆ ಹೊಲಗಳನ್ನು ಉತ್ತವರು ಎತ್ತ ಹೋದರು, ಅವರಿಗೆ ಸಿಕ್ಕಿದ್ದೆಷ್ಟು ಎಂಬ ಮಾತನ್ನು ನಮ್ಮಲ್ಲಿ ಎಷ್ಟು ಜನ ಕೇಳಿಸಿಕೊಂಡಿದ್ದೇವೆ?

ಬೂವನಹಳ್ಳಿಯ ಚಿತ್ರವನ್ನು ಹೊರಗಿನವರು ಬಂದು ಮಾಡುವವರೆಗೆ ಕಾಯಬೇಕಿಲ್ಲ. ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದಿನ ಹತ್ತಿರ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು ಕ್ಯಾಮೆರಾ ಕಲಿತು ತಾವೇ ಚಿತ್ರ ಮಾಡಿದರು. ವಾರಂಗಲ್ ರೈತರಿಗೆ ಬಿಟಿ ಹತ್ತಿಯ ಮೇಲೆ ಯಾಕೆ ಸಿಟ್ಟು ಎಂದು ಅವರು ಮಾಡಿದ ಚಿತ್ರ ಹೊರದೇಶಗಳಿಗೂ ಹೋಯಿತು. ಅವರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಒತ್ತಾಸೆಯಾಗಿ ನಿಂತ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕೆಲಸ ಮಾಡಿದವರು. ಪಸ್ತಾಪುರದಲ್ಲಿ ಆಗಿದ್ದು ಬೂವನಹಳ್ಳಿಯಲ್ಲಿ ಯಾಕಾಗಬಾರದು? ಈಗ ಪ್ರತಿ ಮನೆಯಲ್ಲೂ ಕ್ಯಾಮೆರಾ ಇದೆ. ಭೂಮಿ ಕೊಟ್ಟವರು, ಪರಿಹಾರ ಬಂದವರು, ಬರಬೇಕಾದವರು, ಪಹಣಿಯಲ್ಲಿ ಹೆಸರೇ ಇಲ್ಲದೆ ಗೇಣಿಗೆ ಉತ್ತವರು, ಕೂಲಿಗೆ ಬರುತ್ತಿದ್ದವರು, ವಿಮಾನ ಬಂದರೆ ಮಕ್ಕಳಿಗೆ ಕೆಲಸ ಸಿಗುತ್ತದೆ ಎಂದು ಕಾಯುತ್ತಿರುವವರು, ಎಲ್ಲರೂ ತಮ್ಮ ಹೊಲ ಇದ್ದ ಜಾಗದಲ್ಲೇ ನಿಂತು ಹೇಳಲಿ. ಮುಖ ತೋರಿಸಲು ಒಪ್ಪದವರ ಧ್ವನಿ ಮಾತ್ರ ಇರಲಿ. ಅದರ ಮೊದಲ ಪ್ರದರ್ಶನ ಬೆಂಗಳೂರಿನ ಸಭಾಂಗಣದಲ್ಲಿ ಆಗದಿರಲಿ. ಬೂವನಹಳ್ಳಿಯ ಶಾಲೆಯ ಅಂಗಳದಲ್ಲಿ, ಚಿತ್ರದಲ್ಲಿ ಮಾತಾಡಿದವರ ಎದುರಿಗೇ ಆಗಲಿ, 'ಇದು ಸರಿಯಿಲ್ಲ, ತೆಗೆಯಿರಿ' ಎಂದು ಅವರು ಹೇಳಿದ್ದನ್ನು ತೆಗೆಯುವ ಒಪ್ಪಂದದ ಮೇಲೆ.

ಅಲ್ಲಿ ಎದ್ದ ಪ್ರಶ್ನೆಗಳನ್ನು ಯಾರಾದರೊಬ್ಬರು ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಬೇಕು. ಹೆಚ್ಚಿನ ಕಡೆ ಅವು ಫಲಾನುಭವಿಗಳ ಪಟ್ಟಿ ಓದುವುದಕ್ಕೆ, ಸಹಿ ಹಾಕಿಸಿಕೊಳ್ಳುವುದಕ್ಕೆ ಮುಗಿದುಹೋಗುತ್ತವೆ. ಶಾಲೆಯ ಅಂಗಳದಲ್ಲಿ ರಾತ್ರಿ ಕೇಳಿದ ಪ್ರಶ್ನೆ ಮುಂದಿನ ವಾರ್ಡ್ ಸಭೆಯ ನಡಾವಳಿ ಪುಸ್ತಕದಲ್ಲಿ ಕೇಳಿದವರ ಹೆಸರಿನ ಸಮೇತ ದಾಖಲಾಗಲಿ, ಪಿಡಿಒ ಅದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡಲಿ. ಆ ಉತ್ತರವನ್ನು ಮುಂದಿನ ಚಿತ್ರ ಶುರುವಾಗುವ ಮೊದಲು ಅದೇ ಅಂಗಳದಲ್ಲಿ, ಪ್ರಶ್ನೆ ಕೇಳಿದವರ ಎದುರಿಗೇ ಗಟ್ಟಿಯಾಗಿ ಓದಬೇಕು.